ಒಮ್ಮತಕ್ಕೆ ಹಿಡಿದ ಹದಿನೈದು ವರ್ಷ



ನಮ್ಮ ಹಿರಿಯರು ಧಾನ್ಯವನ್ನು ಪಾವು, ಸೇರು, ಕೊಳಗಗಳಲ್ಲಿ ಅಳೆಯುತ್ತಿದ್ದ ಕಾಲದ ಮಾತುಗಳನ್ನು ನೀವು ಕೇಳಿರಬಹುದು. ಒಂದು ಸೀಮೆಯ ಸೇರು ಮತ್ತೊಂದು ಸೀಮೆಯ ಸೇರಿಗೆ ಸಮನಾಗಿರುತ್ತಿರಲಿಲ್ಲ. ಒಂದು ಸಂತೆಯಲ್ಲಿ ಕೊಂಡು ಇನ್ನೊಂದು ಸಂತೆಯಲ್ಲಿ ಮಾರುವ ಬಡ ರೈತನಿಗೆ ಇದರಿಂದ ನಷ್ಟ. ಅಳತೆಗಳ ಗುಟ್ಟನ್ನು ಬಲ್ಲ ವರ್ತಕನಿಗೆ ಲಾಭ. 1956ರಲ್ಲಿ ಭಾರತ ಸರ್ಕಾರವು ತೂಕ ಮತ್ತು ಅಳತೆಗಳ ಕಾಯಿದೆಯನ್ನು ತಂದು, ದೇಶಕ್ಕೆಲ್ಲ ಒಂದೇ ಕಿಲೋಗ್ರಾಂ, ಒಂದೇ ಮೀಟರು ಎಂದು ಗೊತ್ತುಪಡಿಸಿತು. ಕ್ರಮೇಣ ಸಂತೆಗಳೆಲ್ಲ ಒಂದೇ ತಕ್ಕಡಿಗೆ ಒಗ್ಗಿಕೊಂಡವು.

ಒಂದು ದೇಶದೊಳಗೆ ಇಂಥ ಏಕರೂಪತೆಯನ್ನು ತರಲು ಕಾನೂನಿನ ಬಲವಿರುತ್ತದೆ. ಆದರೆ ಯಾವ ಸರ್ಕಾರದ ಅಂಕೆಗೂ ಪೂರ್ತಿಯಾಗಿ ಸಿಲುಕದ, ಇಡೀ ಜಗತ್ತಿಗೆ ಸೇರಿದ ಸಂಗತಿಯೊಂದಕ್ಕೆ ಏಕರೂಪತೆಯನ್ನು ತರುವುದು ಹೇಗೆ? ಅಲ್ಲಿ ಆಜ್ಞಾಪಿಸುವವರಿಲ್ಲ. ಪರಸ್ಪರ ಪೈಪೋಟಿಯಲ್ಲಿರುವವರೇ ಒಂದೆಡೆ ಕುಳಿತು, ಮಾತನಾಡಿ, ಕೊಟ್ಟು ಕೊಂಡು ಒಪ್ಪಬೇಕು. ನಾವೆಲ್ಲ ‘3ಜಿ’ ಎಂದು ಕರೆದ ಮೂರನೆಯ ತಲೆಮಾರಿನ ಮೊಬೈಲ್ ಜಾಲದ ಚರಿತ್ರೆಯು ಅಂಥದೊಂದು ಪ್ರಯತ್ನದ ಚರಿತ್ರೆಯಾಗಿದೆ. 1985ರಲ್ಲಿ ಮೊದಲಾದ ಮಾತುಕತೆಯು 2000ದಲ್ಲಿ ಒಂದು ನಿಲುಗಡೆಗೆ ಬಂತು. ಆ ಜಾಲವು ಅನೇಕ ದೇಶಗಳಲ್ಲಿ ಈಗಾಗಲೇ ಮುಚ್ಚಿಹೋಗಿದೆ. ಹಾಗಿದ್ದರೂ ಅದನ್ನು ಕಟ್ಟಿದ ಬಗೆಯನ್ನು ತಿಳಿಯುವುದು ಒಳ್ಳೆಯದು. ಏಕೆಂದರೆ ಇಂದು ನಮ್ಮ ಅಂಗೈಯಲ್ಲಿರುವ ಫೋನು ಆಗ ಹಾಕಿದ ತಳಪಾಯದ ಮೇಲೆಯೇ ನಿಂತಿದೆ.

ಗಡಿ ದಾಟದ ಫೋನುಗಳು

ಮೊದಲ ತಲೆಮಾರಿನ ಸಂಚಾರಿ ದೂರವಾಣಿಯು 1979ರಲ್ಲಿ ಜಪಾನಿನ ಟೋಕಿಯೋ ನಗರದಲ್ಲಿ ಸಾರ್ವಜನಿಕ ಬಳಕೆಗೆ ಬಂತು. 1981ರಿಂದ ಸ್ವೀಡನ್, ನಾರ್ವೆ ಮೊದಲಾದ ನಾರ್ಡಿಕ್ ದೇಶಗಳು ಕೂಡಿ ಮತ್ತೊಂದು ಬಗೆಯ ಜಾಲವನ್ನು ಕಟ್ಟಿದವು. 1983ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ಇನ್ನೊಂದು ಬಗೆಯ ಸೇವೆ ಆರಂಭವಾಯಿತು. ಬ್ರಿಟನ್, ಜರ್ಮನಿ, ಫ್ರಾನ್ಸ್, ಇಟಲಿಗಳು ಒಂದನ್ನೊಂದು ಹೋಲದ ತಂತಮ್ಮ ವಿಧಾನಗಳನ್ನು ಅನುಸರಿಸಿದವು. ಇದರ ಪರಿಣಾಮ ಏನಾಯಿತೆಂದರೆ, ಜರ್ಮನಿಯ ಕಾರಿನಲ್ಲಿ ಅಳವಡಿಸಿದ ದುಬಾರಿ ಫೋನು ಫ್ರಾನ್ಸಿನ ಗಡಿಯನ್ನು ದಾಟಿದೊಡನೆ ಮೂಕವಾಗುತ್ತಿತ್ತು. ನಮ್ಮಲ್ಲಿ ಮೀಟರ್ ಗೇಜಿನ ಗಾಡಿ ಬ್ರಾಡ್ ಗೇಜಿನ ಹಳಿಯ ಮೇಲೆ ಓಡಲಾರದೆ, ಸರಕನ್ನೆಲ್ಲ ನಿಲ್ದಾಣದಲ್ಲಿ ಇಳಿಸಿ ಏರಿಸಬೇಕಾಗುತ್ತಿದ್ದಂಥ ಸ್ಥಿತಿ ಅದು.

ಯುರೋಪಿನವರು ಈ ಕಷ್ಟದಿಂದ ಬೇಗನೆ ಪಾಠ ಕಲಿತರು. 1982ರಲ್ಲಿ ಅಲ್ಲಿನ ಅಂಚೆ ಮತ್ತು ದೂರಸಂಪರ್ಕ ಆಡಳಿತಗಳ ಸಮ್ಮೇಳನವು ಒಂದು ಅಧ್ಯಯನ ತಂಡವನ್ನು ನೇಮಿಸಿತು. 1987ರ ಸೆಪ್ಟೆಂಬರಿನಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ 13 ದೇಶಗಳ ಪ್ರತಿನಿಧಿಗಳು ಸೇರಿ, ಒಂದೇ ಬಗೆಯ ಡಿಜಿಟಲ್ ಜಾಲವನ್ನು ಕಟ್ಟುವುದಾಗಿ ಸಹಿ ಹಾಕಿದರು. ಅದೇ ಜಿ.ಎಸ್.ಎಂ. ಎಂಬ ಎರಡನೆಯ ತಲೆಮಾರು. 1991ರ ಜುಲೈ 1ರಂದು ಫಿನ್‌ಲೆಂಡಿನಲ್ಲಿ ಅದರ ಮೊದಲ ಕರೆ ಮಾಡಲಾಯಿತು. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖ್ ರಾಮ್ ಅವರೊಡನೆ ಮಾತನಾಡಿದಾಗ, ಭಾರತವೂ ಈ ಜಾಲದೊಳಕ್ಕೆ ಬಂತು. ನಮ್ಮ ಕರಾವಳಿಯಿಂದ ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋದವರು ಊರಿಗೆ ಬಂದಾಗ, ಅಲ್ಲಿ ಕೊಂಡ ಫೋನಿಗೆ ಇಲ್ಲಿನ ಸಿಮ್ ಕಾರ್ಡನ್ನು ಹಾಕಿ ಸುಲಭವಾಗಿ ಮಾತನಾಡುತ್ತಿದ್ದರಲ್ಲವೇ? ಆ ಸೌಕರ್ಯದ ಹಿಂದೆ ಕೋಪನ್‌ಹೇಗನ್ನಿನ ಆ ಸಹಿಗಳಿದ್ದವು.

ಆದರೆ ಜಗತ್ತೆಲ್ಲವೂ ಜಿ.ಎಸ್.ಎಂ. ಅನ್ನು ಒಪ್ಪಿರಲಿಲ್ಲ. ಜಪಾನ್ ತನ್ನದೇ ಡಿಜಿಟಲ್ ವಿಧಾನವನ್ನು ರೂಪಿಸಿಕೊಂಡಿತು. ಅಮೆರಿಕವು ಯಾವ ವಿಧಾನ ಗೆಲ್ಲಬೇಕೆಂಬುದನ್ನು ಮಾರುಕಟ್ಟೆಯೇ ತೀರ್ಮಾನಿಸಲಿ ಎಂದು ಬಿಟ್ಟಿತು. ಅಲ್ಲಿ 1985ರಲ್ಲಿ ಇರ್ವಿನ್ ಜೇಕಬ್ಸ್, ಆಂಡ್ರ್ಯೂ ವಿಟರ್ಬಿ ಮತ್ತು ಸಂಗಡಿಗರು ಸ್ಯಾನ್ ಡಿಯಾಗೋ ನಗರದಲ್ಲಿ ಕಟ್ಟಿದ ಕ್ವಾಲ್‌ಕಾಮ್ ಸಂಸ್ಥೆಯು ಸಿ.ಡಿ.ಎಂ.ಎ. ಎಂಬ ಹೊಸ ವಿಧಾನವನ್ನು ಮುಂದಿಟ್ಟಿತು. 1993ರಲ್ಲಿ ಅದು ಅಮೆರಿಕದಲ್ಲಿ ಅಧಿಕೃತ ಮಾನದಂಡವಾಯಿತು. ಬಳಿಕ ದಕ್ಷಿಣ ಕೊರಿಯಾ ಅದನ್ನು ಕೈಗೆತ್ತಿಕೊಂಡಿತು. ಹೀಗೆ ಎರಡನೆಯ ತಲೆಮಾರಿನಲ್ಲಿಯೂ ಜಗತ್ತು ಒಡೆದ ಮನೆಯಾಗಿಯೇ ಉಳಿಯಿತು.

ಒಂದೇ ಫೋನು, ಒಂದೇ ಜಗತ್ತು

ಈ ಒಡಕನ್ನು ಮೂರನೆಯ ತಲೆಮಾರಿನಲ್ಲಾದರೂ ಸರಿಪಡಿಸಬೇಕೆಂಬ ಆಶಯ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ್ದಾಗಿತ್ತು. ಈ ಒಕ್ಕೂಟಕ್ಕೆ ಇಂಥ ಕೆಲಸ ಹೊಸದಲ್ಲ. ಅದು ಹುಟ್ಟಿದ್ದೇ ಟೆಲಿಗ್ರಾಫಿನ ಕಾಲದಲ್ಲಿ, 1865ರಲ್ಲಿ, ಪ್ಯಾರಿಸ್ ನಗರದಲ್ಲಿ. ಆಗ ಒಂದು ದೇಶದ ತಂತಿ ಸಂದೇಶವು ಗಡಿಯಲ್ಲಿ ನಿಂತುಬಿಡುತ್ತಿತ್ತು; ಗುಮಾಸ್ತರು ಅದನ್ನು ಬರೆದುಕೊಂಡು ಆಚೆಯ ದೇಶದವರ ಕೈಗೆ ಒಪ್ಪಿಸಬೇಕಾಗುತ್ತಿತ್ತು. ಆ ತೊಡಕನ್ನು ನಿವಾರಿಸಲು 20 ರಾಷ್ಟ್ರಗಳು ಕೂಡಿ ಈ ಒಕ್ಕೂಟವನ್ನು ಸ್ಥಾಪಿಸಿದವು.

1985ರಲ್ಲಿ ಒಕ್ಕೂಟವು ಮುಂದಿನ ತಲೆಮಾರಿನ ಜಾಲವನ್ನು ಕುರಿತು ಅಧ್ಯಯನವನ್ನು ಆರಂಭಿಸಿತು. 1992ರಲ್ಲಿ ಸ್ಪೇನ್ ದೇಶದ ಟೊರೆಮೊಲಿನೋಸ್ ಎಂಬ ಕಡಲತೀರದ ಊರಿನಲ್ಲಿ ವಿಶ್ವ ರೇಡಿಯೋ ಸಮ್ಮೇಳನ ಸೇರಿತು. ಆಕಾಶದಲ್ಲಿ ಹರಿಯುವ ರೇಡಿಯೋ ತರಂಗಗಳಲ್ಲಿ 1885ರಿಂದ 2025 ಮತ್ತು 2110ರಿಂದ 2200 ಮೆಗಾಹರ್ಟ್ಸ್‌ವರೆಗಿನ ಪಟ್ಟಿಗಳನ್ನು, ಅಂದರೆ ಒಟ್ಟು 230 ಮೆಗಾಹರ್ಟ್ಸ್‌ಗಳನ್ನು, ಈ ಹೊಸ ಜಾಲಕ್ಕೆಂದು ಅಲ್ಲಿ ಗುರುತಿಸಲಾಯಿತು. ಮುಂದೆ ಈ ಯೋಜನೆಗೆ ಐ.ಎಂ.ಟಿ.-2000 ಎಂಬ ಹೆಸರಾಯಿತು. ಆ 2000ಕ್ಕೆ ಮೂರು ಅರ್ಥಗಳಿದ್ದವು: ಸೇವೆ 2000ನೇ ಇಸವಿಯ ಹೊತ್ತಿಗೆ ಬರಬೇಕು, ತರಂಗಗಳು 2000 ಮೆಗಾಹರ್ಟ್ಸ್‌ನ ಆಸುಪಾಸಿನಲ್ಲಿರಬೇಕು, ಮಾಹಿತಿ ಸೆಕೆಂಡಿಗೆ 2000 ಕಿಲೋಬಿಟ್‌ಗಳ ವೇಗದಲ್ಲಿ ಹರಿಯಬೇಕು. ಈ ವೇಗವು ಕಟ್ಟಡದ ಒಳಗೆ ಇರುವವರಿಗೆ. ನಡೆದಾಡುವವರಿಗೆ 384, ವಾಹನದಲ್ಲಿ ಹೋಗುವವರಿಗೆ 144 ಕಿಲೋಬಿಟ್‌ಗಳಾದರೂ ಸಿಗಬೇಕೆಂದು ನಿಗದಿಯಾಯಿತು. ಒಂದೇ ಫೋನನ್ನು ಹಿಡಿದು ಜಗತ್ತಿನ ಯಾವ ಮೂಲೆಗಾದರೂ ಹೋಗಬಹುದೆಂಬುದು ಕನಸು.

ಕನಸಿಗೆ ಮೊದಲ ಬಿರುಕು ಬೀಳಲು ಬಹಳ ಕಾಲ ಹಿಡಿಯಲಿಲ್ಲ. ಗುರುತಿಸಿದ ಪಟ್ಟಿಯ ಒಂದು ಭಾಗವನ್ನು ಅಮೆರಿಕವು ತನ್ನ ಎರಡನೆಯ ತಲೆಮಾರಿನ ಸೇವೆಗಳಿಗಾಗಿ ಹಂಚಿಬಿಟ್ಟಿತು. ಊರಿಗೆಲ್ಲ ಒಂದೇ ರಸ್ತೆ ಎಂದು ಗೆರೆ ಎಳೆದ ಮೇಲೆ, ಅದೇ ಗೆರೆಯ ಮೇಲೆ ಒಬ್ಬರು ಮನೆ ಕಟ್ಟಿಕೊಂಡಂತಾಯಿತು.

ಸಂತೆಯ ಗದ್ದಲದಲ್ಲಿ ಒಂದು ದನಿ

ಮುಂದಿನ ಜಗಳಗಳು ಅರ್ಥವಾಗಬೇಕಾದರೆ, ತಂತ್ರಜ್ಞಾನದ ಒಂದು ವಿಷಯವನ್ನು ಇಲ್ಲಿ ತಿಳಿದುಕೊಳ್ಳಬೇಕು. ರೇಡಿಯೋ ತರಂಗಗಳು ಮಿತವಾದ ಸಂಪತ್ತು. ನೂರಾರು ಜನರು ಒಮ್ಮೆಗೇ ಮಾತನಾಡಬೇಕಾದರೆ ಅದನ್ನು ಹಂಚಿಕೊಳ್ಳುವ ಕ್ರಮವೊಂದು ಬೇಕು. ಮೊದಲ ತಲೆಮಾರಿನಲ್ಲಿ ಪ್ರತಿಯೊಂದು ಕರೆಗೂ ಬೇರೆಯೇ ಒಂದು ಓಣಿಯನ್ನು ಬಿಟ್ಟುಕೊಡಲಾಗುತ್ತಿತ್ತು. ಜಿ.ಎಸ್.ಎಂ. ಜಾಲವು ಒಂದೊಂದು ಓಣಿಯನ್ನು 8 ಮಂದಿಗೆ ಸರದಿಯ ಮೇಲೆ ಹಂಚಿತು. ಕ್ಷಣದ ಅತಿ ಸಣ್ಣ ಭಾಗಗಳಲ್ಲಿ ಸರದಿ ಬದಲಾಗುವುದರಿಂದ ಮಾತನಾಡುವವರಿಗೆ ಅದು ತಿಳಿಯುತ್ತಿರಲಿಲ್ಲ.

ಸಿ.ಡಿ.ಎಂ.ಎ. ವಿಧಾನವು ಇವೆರಡಕ್ಕಿಂತ ಭಿನ್ನ. ಮಂಗಳೂರಿನ ಮಾರುಕಟ್ಟೆಯೊಂದನ್ನು ಕಲ್ಪಿಸಿಕೊಳ್ಳಿ. ಒಬ್ಬರು ತುಳುವಿನಲ್ಲಿ, ಮತ್ತೊಬ್ಬರು ಕೊಂಕಣಿಯಲ್ಲಿ, ಇನ್ನೊಬ್ಬರು ಬ್ಯಾರಿ ಭಾಷೆಯಲ್ಲಿ, ಮಗದೊಬ್ಬರು ಕನ್ನಡದಲ್ಲಿ ಚೌಕಾಸಿ ನಡೆಸಿದ್ದಾರೆ. ಎಲ್ಲರೂ ಒಂದೇ ಚಾವಣಿಯ ಕೆಳಗೆ ಒಟ್ಟಿಗೇ ಮಾತನಾಡುತ್ತಿದ್ದರೂ ಪ್ರತಿಯೊಬ್ಬರ ಕಿವಿಯೂ ತನ್ನ ಭಾಷೆಯನ್ನು ಆರಿಸಿಕೊಳ್ಳುತ್ತದೆ. ಉಳಿದದ್ದು ಬರಿಯ ಗದ್ದಲವಾಗಿ ಹಿಂದೆ ಸರಿಯುತ್ತದೆ. ಸಿ.ಡಿ.ಎಂ.ಎ. ಜಾಲದಲ್ಲಿ ಪ್ರತಿಯೊಂದು ಕರೆಗೂ ಒಂದು ಸಂಕೇತವಿರುತ್ತದೆ. ಅದೇ ಅದರ ಭಾಷೆ. ಎಲ್ಲರೂ ಒಂದೇ ಅಗಲವಾದ ಓಣಿಯಲ್ಲಿ ಏಕಕಾಲಕ್ಕೆ ಮಾತನಾಡುತ್ತಾರೆ.

ಆದರೆ ಮಾರುಕಟ್ಟೆಯಲ್ಲಿ ಒಬ್ಬನು ಕಿರುಚತೊಡಗಿದರೆ ಯಾರ ಮಾತೂ ಯಾರಿಗೂ ಕೇಳಿಸದು. ಹಾಗೆಯೇ ಟವರಿನ ಬಳಿಯಲ್ಲಿರುವ ಫೋನು ಜೋರಾಗಿ ಪ್ರಸಾರ ಮಾಡಿದರೆ ದೂರದ ಫೋನಿನ ಕ್ಷೀಣ ದನಿ ಮುಳುಗಿಹೋಗುತ್ತದೆ. ಆದ್ದರಿಂದ ಮೂರನೆಯ ತಲೆಮಾರಿನ ಡಬ್ಲ್ಯು.ಸಿ.ಡಿ.ಎಂ.ಎ. ಜಾಲದಲ್ಲಿ ಟವರು ಪ್ರತಿಯೊಂದು ಫೋನಿಗೂ ಸೆಕೆಂಡಿಗೆ 1500 ಸಲ, ದನಿಯನ್ನು ತಗ್ಗಿಸು ಅಥವಾ ಏರಿಸು ಎಂದು ಸೂಚಿಸುತ್ತಿರುತ್ತದೆ. ಹತ್ತಿರದಲ್ಲಿರುವವನು ತಗ್ಗಿದ ದನಿಯಲ್ಲಿ ಮಾತನಾಡಿದರೆ ಮಾತ್ರ ದೂರದಲ್ಲಿರುವವನಿಗೆ ಮಾತನಾಡಲು ಎಡೆಯುಂಟು.

ಪ್ಯಾರಿಸ್‌ನಲ್ಲಿ ಕೂಡಿಬಂದ ಮಾತು

ವಿಚಿತ್ರವೆಂದರೆ, ಈ ಶಿಸ್ತನ್ನು ಯಂತ್ರಗಳಿಗೆ ಕಲಿಸಿದವರಿಗೆ ತಮ್ಮತಮ್ಮಲ್ಲಿ ಅದನ್ನು ಪಾಲಿಸುವುದು ಕಷ್ಟವಾಯಿತು. ಯುರೋಪಿನ ದೂರಸಂಪರ್ಕ ಮಾನದಂಡ ಸಂಸ್ಥೆಯ ಮುಂದೆ ಐದು ಪ್ರಸ್ತಾವಗಳಿದ್ದವು. ಕೊನೆಯಲ್ಲಿ ಕಣದಲ್ಲಿ ಉಳಿದವು ಎರಡು. ಎರಿಕ್ಸನ್ ಮತ್ತು ನೋಕಿಯಾ ಸಂಸ್ಥೆಗಳು ಡಬ್ಲ್ಯು.ಸಿ.ಡಿ.ಎಂ.ಎ. ಅನ್ನು ಎತ್ತಿಹಿಡಿದವು, ಜಪಾನಿನ ಎನ್.ಟಿ.ಟಿ. ಡೊಕೊಮೊ ಸಂಸ್ಥೆಯೂ ಇದೇ ವಿಧಾನವನ್ನು ಮೆಚ್ಚಿತ್ತು. ಸೀಮೆನ್ಸ್, ಅಲ್ಕಾಟೆಲ್ ಮೊದಲಾದವು ಸರದಿಯ ಪದ್ಧತಿಯನ್ನೂ ಸಂಕೇತದ ಪದ್ಧತಿಯನ್ನೂ ಬೆರೆಸಿದ ಟಿ.ಡಿ.-ಸಿ.ಡಿ.ಎಂ.ಎ. ವಿಧಾನದ ಪರ ನಿಂತವು.

ನಿಯಮದಂತೆ ಗೆಲ್ಲಲು ಶೇಕಡಾ 71ರಷ್ಟು ಮತ ಬೇಕಿತ್ತು. 1997ರ ಡಿಸೆಂಬರಿನಲ್ಲಿ ಮ್ಯಾಡ್ರಿಡ್‌ನಲ್ಲಿ ನಡೆದ ಸಭೆಯಲ್ಲಿ ಯಾರಿಗೂ ಅಷ್ಟು ಮತ ದೊರೆಯಲಿಲ್ಲ. 1998ರ ಜನವರಿಯ ಕೊನೆಯಲ್ಲಿ ಪ್ಯಾರಿಸ್‌ನಲ್ಲಿ ಮತ್ತೆ ಸೇರಿದಾಗಲೂ ಡಬ್ಲ್ಯು.ಸಿ.ಡಿ.ಎಂ.ಎ. ಮುಂದಿತ್ತೇ ಹೊರತು 71ನ್ನು ಮುಟ್ಟಲಿಲ್ಲ. ಬಹುಮತವಿದ್ದವರು ಹಟ ಹಿಡಿದು ಸಭೆಯನ್ನು ಮುರಿಯಬಹುದಿತ್ತು. ಹಾಗಾಗಲಿಲ್ಲ. ಹೋಗಲು ಒಂದು, ಬರಲು ಒಂದು ಎಂದು ಜೋಡಿ ಪಟ್ಟಿಗಳಿರುವ ಕಡೆ ಡಬ್ಲ್ಯು.ಸಿ.ಡಿ.ಎಂ.ಎ., ಒಂಟಿ ಪಟ್ಟಿಯಿರುವ ಕಡೆ ಟಿ.ಡಿ.-ಸಿ.ಡಿ.ಎಂ.ಎ. ಎಂದು ಹಂಚಿಕೊಂಡು, ಜನವರಿ 29ರಂದು ಒಮ್ಮತಕ್ಕೆ ಬಂದರು. ಸೋತವರನ್ನು ಬರಿಗೈಯಲ್ಲಿ ಕಳುಹಿಸದ ಈ ತೀರ್ಮಾನದಿಂದ ಯುರೋಪು ಒಗ್ಗಟ್ಟಾಗಿ ಉಳಿಯಿತು.

ಕೂಡದೆ ಹೋದ ಎರಡು ಅಂಕಿಗಳು

ವಿಶ್ವ ಒಕ್ಕೂಟವು ಪ್ರಸ್ತಾವಗಳಿಗೆ 1998ರ ಜೂನ್ 30ನ್ನು ಕೊನೆಯ ದಿನವೆಂದು ಸಾರಿತ್ತು. ಭೂಮಿಯ ಮೇಲಿನ ಜಾಲಗಳಿಗಾಗಿಯೇ 10 ಪ್ರಸ್ತಾವಗಳು ಬಂದವು. ಅದೇ ವರ್ಷದ ಡಿಸೆಂಬರಿನಲ್ಲಿ ಯುರೋಪ್, ಜಪಾನ್, ಕೊರಿಯಾ ಮತ್ತು ಅಮೆರಿಕದ ಮಾನದಂಡ ಸಂಸ್ಥೆಗಳು ಸೇರಿ 3ಜಿಪಿಪಿ ಎಂಬ ಸಹಭಾಗಿತ್ವ ಕೂಟವನ್ನು ರಚಿಸಿಕೊಂಡವು, ಜಿ.ಎಸ್.ಎಂ. ಪರಂಪರೆಯಿಂದ ಬೆಳೆದ ಡಬ್ಲ್ಯು.ಸಿ.ಡಿ.ಎಂ.ಎ. ಇದರ ಪಾಲಾಯಿತು. ಮರು ತಿಂಗಳೇ, 1999ರ ಜನವರಿಯಲ್ಲಿ, ಕ್ವಾಲ್‌ಕಾಮ್ ಪರಂಪರೆಯ ಸಿ.ಡಿ.ಎಂ.ಎ.-2000 ವಿಧಾನಕ್ಕಾಗಿ 3ಜಿಪಿಪಿ2 ಎಂಬ ಇನ್ನೊಂದು ಕೂಟ ಹುಟ್ಟಿತು. ಅಣ್ಣತಮ್ಮಂದಿರು ಒಂದೇ ಅಂಗಳದಲ್ಲಿ ಎರಡು ಒಲೆ ಹೂಡಿದಂತಾಯಿತು.

ವಿಷಯದ ಒಳಹೊಕ್ಕು ನೋಡಿದರೆ ಜಗಳಕ್ಕೆ ಮೂರು ಕಾರಣಗಳು ಕಾಣುತ್ತವೆ. ಮೊದಲನೆಯದು, ಸಂಕೇತದ ಚೂರುಗಳು ಹರಿಯುವ ವೇಗ. ಯುರೋಪ್ ಮತ್ತು ಜಪಾನ್ ಸೆಕೆಂಡಿಗೆ 40.96 ಲಕ್ಷ ಎಂದವು. ಅಮೆರಿಕದ ಪಕ್ಷವು ತನ್ನ ಹಳೆಯ ಜಾಲಕ್ಕೆ ಹೊಂದುವಂತೆ 36.864 ಲಕ್ಷ ಎಂದಿತು. ಎರಡನೆಯದು, ಸಮಯ. ಸಿ.ಡಿ.ಎಂ.ಎ.-2000 ಜಾಲದ ಟವರುಗಳು ಅಮೆರಿಕದ ಸೇನೆಯ ಜಿ.ಪಿ.ಎಸ್. ಉಪಗ್ರಹಗಳಿಂದ ಗಡಿಯಾರವನ್ನು ಸರಿಹೊಂದಿಸಿಕೊಳ್ಳುತ್ತಿದ್ದವು, ಡಬ್ಲ್ಯು.ಸಿ.ಡಿ.ಎಂ.ಎ. ಆ ಹಂಗಿಲ್ಲದೆ ನಡೆಯುವಂತೆ ರಚಿತವಾಗಿತ್ತು. ಮೂರನೆಯದು, ಎಲ್ಲಕ್ಕಿಂತ ಕಹಿಯಾದದ್ದು, ಪೇಟೆಂಟ್. ಎರಿಕ್ಸನ್ ಮತ್ತು ಕ್ವಾಲ್‌ಕಾಮ್ 1996ರಿಂದಲೂ ನ್ಯಾಯಾಲಯದಲ್ಲಿ ಹೋರಾಡುತ್ತಿದ್ದವು. ತನ್ನ ಹಕ್ಕುಗಳಿರುವ ತಂತ್ರವನ್ನು ಬಳಸಲು ಕ್ವಾಲ್‌ಕಾಮ್ ಅನುಮತಿ ಕೊಡದಿದ್ದರೆ ಯುರೋಪಿನ ಜಾಲವೇ ನಿಂತುಹೋಗುವಂತಿತ್ತು. ವಿವಾದ ರಾಜಕೀಯಕ್ಕೂ ಹಬ್ಬಿತು; 1998ರ ಕೊನೆಯಲ್ಲಿ ಅಮೆರಿಕದ ಸಚಿವರೇ ಯುರೋಪ್ ಆಯೋಗಕ್ಕೆ ಪತ್ರ ಬರೆದು ಆಕ್ಷೇಪವೆತ್ತಿದರು. ಇತ್ತ ವಿಶ್ವ ಒಕ್ಕೂಟವು, ಪೇಟೆಂಟಿನ ಗಂಟು ಬಿಚ್ಚದಿದ್ದರೆ ಸಿ.ಡಿ.ಎಂ.ಎ. ಮೂಲದ ಪ್ರಸ್ತಾವಗಳೆಲ್ಲವನ್ನೂ ಕೈಬಿಡಬೇಕಾದೀತೆಂದು ಎಚ್ಚರಿಸಿತು.

1999ರ ಮಾರ್ಚ್ 25ರಂದು ಎರಡೂ ಸಂಸ್ಥೆಗಳು ರಾಜಿಯಾದವು. ಪೇಟೆಂಟುಗಳನ್ನು ಪರಸ್ಪರ ಬಳಸಲು ಒಪ್ಪಿಕೊಂಡವು. ಕ್ವಾಲ್‌ಕಾಮ್‌ನ ಜಾಲ ಉಪಕರಣಗಳ ವಿಭಾಗವನ್ನು ಎರಿಕ್ಸನ್ ಕೊಂಡುಕೊಂಡಿತು. ಆ ವರ್ಷದ ಮೊದಲರ್ಧದಲ್ಲಿ ಸೇವೆ ಒದಗಿಸುವ ಸಂಸ್ಥೆಗಳು ಬೀಜಿಂಗ್, ಲಂಡನ್, ಟೋಕಿಯೋ ನಗರಗಳಲ್ಲಿ ಸಭೆ ಸೇರಿ, ಕೊನೆಗೆ ಟೊರಾಂಟೋದಲ್ಲಿ ಒಂದು ಸೂತ್ರಕ್ಕೆ ಬಂದವು. ಅದರಂತೆ ಡಬ್ಲ್ಯು.ಸಿ.ಡಿ.ಎಂ.ಎ. ತನ್ನ ವೇಗವನ್ನು 38.4 ಲಕ್ಷಕ್ಕೆ ಇಳಿಸಿಕೊಂಡಿತು. ಸಿ.ಡಿ.ಎಂ.ಎ.-2000 ಮಾತ್ರ ತನ್ನ 36.864 ಲಕ್ಷದಲ್ಲಿಯೇ ಉಳಿಯಿತು. ಅರ್ಧ ದಾರಿಗಿಂತ ಹೆಚ್ಚು ಇಳಿದು ಬಂದರೂ ಎರಡು ಅಂಕಿಗಳು ಕೂಡಲಿಲ್ಲ.

1999ರ ನವೆಂಬರ್ 5ರಂದು ಹೆಲ್ಸಿಂಕಿಯಲ್ಲಿ ಒಕ್ಕೂಟದ ಕಾರ್ಯತಂಡವು ಅಂತಿಮ ಕರಡನ್ನು ಒಪ್ಪಿತು. 2000ದ ಮೇ ತಿಂಗಳಿನಲ್ಲಿ ಇಸ್ತಾಂಬುಲ್‌ನಲ್ಲಿ ಅದಕ್ಕೆ ಅಧಿಕೃತ ಮುದ್ರೆ ಬಿತ್ತು. ಒಂದೇ ಮಾನದಂಡವೆಂದು ಹೊರಟದ್ದು ಐದು ಮಾನದಂಡಗಳ ‘ಕುಟುಂಬ’ವಾಗಿ ಮುಗಿಯಿತು. 2007ರಲ್ಲಿ ವೈಮ್ಯಾಕ್ಸ್ ಎಂಬ ಆರನೆಯದೂ ಸೇರಿಕೊಂಡಿತು. ಇದನ್ನು ಸೋಲೆನ್ನುವುದೇ, ಗೆಲುವೆನ್ನುವುದೇ? ಐದೂ ವಿಧಾನಗಳ ವಿವರಗಳು ಬಹಿರಂಗವಾಗಿ ಒಂದೇ ದಾಖಲೆಯಲ್ಲಿ ಬಂದುದರಿಂದ, ಒಂದಕ್ಕಿಂತ ಹೆಚ್ಚು ವಿಧಾನಗಳನ್ನು ಬಲ್ಲ ಫೋನುಗಳನ್ನು ತಯಾರಿಸುವುದು ಮುಂದೆ ಸಾಧ್ಯವಾಯಿತು. ಭಿನ್ನತೆ ಅಳಿಯಲಿಲ್ಲ, ಆದರೆ ಅದು ಎಷ್ಟು, ಎಲ್ಲಿ ಎಂಬುದು ಎಲ್ಲರಿಗೂ ತಿಳಿಯಿತು.

ಹರಾಜಿನ ಕಾವು

ಮಾನದಂಡ ಸಿದ್ಧವಾಗುತ್ತಿದ್ದಂತೆ ಹಣದ ಮಾತು ಬಂತು. ಫಿನ್‌ಲೆಂಡ್ 1999ರಲ್ಲಿ ತನ್ನ 3ಜಿ ಪರವಾನಗಿಗಳನ್ನು ಶುಲ್ಕವಿಲ್ಲದೆ ಕೊಟ್ಟಿತು. ಬ್ರಿಟನ್ ಹರಾಜಿನ ದಾರಿ ಹಿಡಿಯಿತು. 2000ದ ಏಪ್ರಿಲ್ 27ರಂದು, 150 ಸುತ್ತುಗಳ ಕೂಗಿನ ಬಳಿಕ, 5 ಪರವಾನಗಿಗಳಿಂದ ಅಲ್ಲಿನ ಬೊಕ್ಕಸಕ್ಕೆ ಬಂದದ್ದು ಸುಮಾರು 2,250 ಕೋಟಿ ಪೌಂಡ್. ಅದೇ ಆಗಸ್ಟಿನಲ್ಲಿ ಜರ್ಮನಿಯ 6 ಪರವಾನಗಿಗಳು 5,000 ಕೋಟಿ ಯೂರೋಗೂ ಮಿಕ್ಕ ಬೆಲೆಗೆ ಹೋದವು. ಕೊಳ್ಳುವವರ ಕೈಯಲ್ಲಿ ಆಗಿನ್ನೂ ಮಾರಲು ಫೋನುಗಳೇ ಇರಲಿಲ್ಲ. ಜರ್ಮನಿಯಲ್ಲಿ ಗೆದ್ದ ಆರರಲ್ಲಿ ಎರಡು ಸಂಸ್ಥೆಗಳು 3ಜಿ ಜಾಲವನ್ನು ನಡೆಸದೆಯೇ ಹಿಂದೆ ಸರಿದವು; ಅವುಗಳಲ್ಲೊಂದು 2003ರಲ್ಲಿ ಪರವಾನಗಿಯನ್ನೇ ಹಿಂದಿರುಗಿಸಿತು.

ಡಬ್ಲ್ಯು.ಸಿ.ಡಿ.ಎಂ.ಎ. ಆಧಾರದ ಮೊದಲ ವಾಣಿಜ್ಯ ಸೇವೆಯನ್ನು ಎನ್.ಟಿ.ಟಿ. ಡೊಕೊಮೊ 2001ರ ಅಕ್ಟೋಬರ್ 1ರಂದು ಟೋಕಿಯೋ ಸುತ್ತಮುತ್ತ ಆರಂಭಿಸಿತು. ಮೊದಲ ಫೋನುಗಳ ಬ್ಯಾಟರಿ ಬೇಗ ಬರಿದಾಗುತ್ತಿತ್ತು. ಆತುರದಲ್ಲಿ ಮಾನದಂಡದ ಹಿಂದಿನ ಆವೃತ್ತಿಯನ್ನು ಅನುಸರಿಸಿದ್ದರಿಂದ, ಯುರೋಪಿನಲ್ಲಿ ಬಂದ ಜಾಲಕ್ಕೂ ಅದಕ್ಕೂ ಆರಂಭದಲ್ಲಿ ಪೂರ್ತಿ ಹೊಂದಿಕೆಯಾಗಲಿಲ್ಲ. ಒಂದೇ ಪುಸ್ತಕವನ್ನು ಓದಲು ಕುಳಿತವರು ಬೇರೆ ಬೇರೆ ಮುದ್ರಣಗಳನ್ನು ಹಿಡಿದಂತಾಯಿತು.

ಚೀನಾ ಹಿಡಿದ ಹಾದಿ ಇನ್ನೊಂದು ಬಗೆಯದು. ಪರರ ಪೇಟೆಂಟುಗಳಿಗೆ ಸದಾ ಗೌರವಧನ ತೆರುತ್ತಿರಬೇಕೇ ಎಂಬ ಪ್ರಶ್ನೆ ಅದನ್ನು ಕಾಡಿತು. 1998ರಲ್ಲಿ, ಪ್ರಸ್ತಾವಗಳಿಗೆ ಗೊತ್ತಾಗಿದ್ದ ಗಡುವಿನ ಒಳಗೇ, ಅದು ಟಿ.ಡಿ.-ಎಸ್.ಸಿ.ಡಿ.ಎಂ.ಎ. ಎಂಬ ತನ್ನ ವಿಧಾನವನ್ನು ಸಲ್ಲಿಸಿತು. ಪ್ಯಾರಿಸ್‌ನಲ್ಲಿ ಎರಡನೆಯ ಸ್ಥಾನ ಪಡೆದ ಪಕ್ಷದ ಸೀಮೆನ್ಸ್ ಸಂಸ್ಥೆ ಈ ಕೆಲಸದಲ್ಲಿ ಜೊತೆಗೂಡಿತು. ಇಸ್ತಾಂಬುಲ್‌ನಲ್ಲಿ ಅದಕ್ಕೂ ಮಾನ್ಯತೆ ದೊರೆಯಿತು. ತನ್ನ ತಂತ್ರಜ್ಞಾನ ಹಣ್ಣಾಗುವವರೆಗೆ ಕಾದ ಚೀನಾ, 2009ರ ಜನವರಿಯಲ್ಲಷ್ಟೇ 3ಜಿ ಪರವಾನಗಿಗಳನ್ನು ಕೊಟ್ಟಿತು. ಜಗತ್ತಿನ ಅತಿ ದೊಡ್ಡ ದೇಶಗಳಲ್ಲೊಂದರ ಜನ ಅಷ್ಟು ಕಾಲ ಕಾದದ್ದು ನಷ್ಟವೇ ಸರಿ. ಆದರೆ ಮುಂದಿನ ತಲೆಮಾರುಗಳ ಸಭೆಯಲ್ಲಿ ಅದಕ್ಕೆ ಮುಂದಿನ ಸಾಲಿನ ಪೀಠ ದೊರಕಿತು.

ನಮ್ಮ ನಾಡಿಗೆ ಬಂದ ಬಗೆ

ಭಾರತವು ಈ ಮಾನದಂಡದ ರಚನೆಯಲ್ಲಿ ಗಣನೀಯ ಪಾತ್ರ ವಹಿಸಲಿಲ್ಲ. ಅದನ್ನು ಕೊಂಡು ಬಳಸುವ ಸ್ಥಾನದಲ್ಲಿತ್ತು. 2008ರ ಡಿಸೆಂಬರಿನಲ್ಲಿ ಎಂ.ಟಿ.ಎನ್.ಎಲ್. ದೆಹಲಿಯಲ್ಲಿ, 2009ರ ಫೆಬ್ರವರಿಯಲ್ಲಿ ಬಿ.ಎಸ್.ಎನ್.ಎಲ್. ಚೆನ್ನೈಯಲ್ಲಿ 3ಜಿ ಸೇವೆಗೆ ಚಾಲನೆ ನೀಡಿದವು. ಖಾಸಗಿ ಸಂಸ್ಥೆಗಳಿಗಾಗಿ 2010ರ ಏಪ್ರಿಲ್ 9ರಿಂದ 34 ದಿನಗಳ ಕಾಲ, 183 ಸುತ್ತುಗಳಲ್ಲಿ ಹರಾಜು ನಡೆಯಿತು. ಸರ್ಕಾರಕ್ಕೆ ಸುಮಾರು 67,719 ಕೋಟಿ ರೂಪಾಯಿ ಬಂತು. ಕರ್ನಾಟಕ ವಲಯದ ಒಂದು ಪರವಾನಗಿಯ ಬೆಲೆ ಸುಮಾರು 1,580 ಕೋಟಿ ರೂಪಾಯಿ. ಏರ್‌ಟೆಲ್, ಏರ್‌ಸೆಲ್ ಮತ್ತು ಟಾಟಾ ಸಂಸ್ಥೆಗಳು ಅದನ್ನು ಪಡೆದವು. ಟಾಟಾ ಸೇವೆಯ ಹೆಸರಿನಲ್ಲಿದ್ದ ‘ಡೊಕೊಮೊ’ ಎಂಬುದು ಟೋಕಿಯೋದ ಅದೇ ಸಂಸ್ಥೆಯ ಹೆಸರು. 2011ರ ಜನವರಿಯಲ್ಲಿ ಏರ್‌ಟೆಲ್ ತನ್ನ 3ಜಿ ಸೇವೆಯನ್ನು ಬೆಂಗಳೂರಿನಲ್ಲಿ ಆರಂಭಿಸಿತು. ಹೊರನಾಡಿನಲ್ಲಿದ್ದ ಮಕ್ಕಳ ಮುಖವನ್ನು ಚಿಕ್ಕ ಪರದೆಯ ಮೇಲೆ ಮೊದಲ ಬಾರಿಗೆ ಕಂಡ ಅಜ್ಜಅಜ್ಜಿಯರು ನಿಮ್ಮ ಮನೆಗಳಲ್ಲಿಯೂ ಇದ್ದಿರಬಹುದು.

ಮುಂದೆ ನಡೆದುದನ್ನು ಗಮನಿಸಿ. ಪರವಾನಗಿಯ ಅವಧಿ 20 ವರ್ಷಗಳು. ಹತ್ತು ವರ್ಷ ತುಂಬುವುದರೊಳಗೆ, ಕರ್ನಾಟಕದಲ್ಲಿ ಅದನ್ನು ಕೊಂಡ ಮೂರರಲ್ಲಿ ಏರ್‌ಸೆಲ್ 2018ರಲ್ಲಿ ದಿವಾಳಿಯಾಯಿತು; ಟಾಟಾ ತನ್ನ ಮೊಬೈಲ್ ಗ್ರಾಹಕರನ್ನು 2019ರಲ್ಲಿ ಏರ್‌ಟೆಲ್‌ಗೆ ಒಪ್ಪಿಸಿತು; ಏರ್‌ಟೆಲ್ 2019ರಲ್ಲಿ 3ಜಿಯನ್ನು ನಿಲ್ಲಿಸತೊಡಗಿ 2020ರಲ್ಲಿ ದೇಶದಾದ್ಯಂತ ಮುಗಿಸಿತು. ಸರಳ ಫೋನುಗಳನ್ನು ಬಳಸುವ ಕೋಟ್ಯಂತರ ಜನರಿಗಾಗಿ ಹಳೆಯ 2ಜಿಯನ್ನು ಉಳಿಸಿಕೊಂಡು, ಹೊಸತಾದ 3ಜಿಯನ್ನೇ ಮೊದಲು ಮುಚ್ಚಬೇಕಾಯಿತು. ಕೋಪನ್‌ಹೇಗನ್ನಿನ ಹಳೆಯ ಒಪ್ಪಂದವು ಇಸ್ತಾಂಬುಲ್ಲಿನ ಹೊಸ ಒಪ್ಪಂದಕ್ಕಿಂತ ಗಟ್ಟಿ ಬಾಳಿತು. ಜರ್ಮನಿಯಲ್ಲಿ 2021ರಲ್ಲಿ, ಅಮೆರಿಕದಲ್ಲಿ 2022ರಲ್ಲಿ ಪ್ರಮುಖ ಸಂಸ್ಥೆಗಳು 3ಜಿಗೆ ವಿದಾಯ ಹೇಳಿದವು. ಎಲ್ಲರಿಗಿಂತ ಮೊದಲು ಆರಂಭಿಸಿದ ಡೊಕೊಮೊ ತನ್ನ ಸೇವೆಗೆ 2026ರ ಮಾರ್ಚ್ 31ನ್ನು ಕೊನೆಯ ದಿನವೆಂದು ಗೊತ್ತುಪಡಿಸಿತು.

ಜಾಲ ಅಳಿದರೂ ಉಳಿದದ್ದು

ಹಾಗಾದರೆ ಹದಿನೈದು ವರ್ಷಗಳ ಆ ಮಾತುಕತೆಯೆಲ್ಲ ವ್ಯರ್ಥವಾಯಿತೇ? ಇಲ್ಲವೆಂದೇ ಚರಿತ್ರೆ ಹೇಳುತ್ತದೆ. 1998ರಲ್ಲಿ ಹುಟ್ಟಿದ 3ಜಿಪಿಪಿ ಕೂಟವು ತನ್ನ ಹೆಸರಿನಲ್ಲಿ 3 ಎಂಬ ಅಂಕಿಯನ್ನು ಇಟ್ಟುಕೊಂಡೇ 4ಜಿ ಮತ್ತು 5ಜಿಗಳ ಮಾನದಂಡವನ್ನೂ ಬರೆಯಿತು. 2008ರ ನವೆಂಬರಿನಲ್ಲಿ ಕ್ವಾಲ್‌ಕಾಮ್ ತನ್ನ ಪ್ರತ್ಯೇಕ ನಾಲ್ಕನೆಯ ತಲೆಮಾರಿನ ಯೋಜನೆಯನ್ನು ಕೈಬಿಟ್ಟು ಎಲ್.ಟಿ.ಇ. ಎಂಬ ಸಾಮಾನ್ಯ ಮಾರ್ಗಕ್ಕೆ ಬಂದು ಸೇರಿತು. 2009ರ ಡಿಸೆಂಬರಿನಲ್ಲಿ ಸ್ಟಾಕ್‌ಹೋಮ್ ಮತ್ತು ಓಸ್ಲೋ ನಗರಗಳಲ್ಲಿ ಆ ಸೇವೆ ಆರಂಭವಾಯಿತು. ಎರಡು ಒಲೆಗಳ ಮನೆಯಲ್ಲಿ ಕೊನೆಗೂ ಒಂದೇ ಒಲೆ ಉರಿಯಿತು. ಮತ್ತೊಂದು ಕುತೂಹಲದ ಸಂಗತಿಯುಂಟು. ಯುರೋಪಿನ ಸಭೆಯ ಮುಂದಿದ್ದ ಐದು ಪ್ರಸ್ತಾವಗಳಲ್ಲಿ ಓ.ಎಫ್.ಡಿ.ಎಂ.ಎ. ಎಂಬ ತತ್ತ್ವವನ್ನು ಆಧರಿಸಿದ್ದೂ ಒಂದಿತ್ತು; ಅಂದು ಅದನ್ನು ಬದಿಗೆ ಸರಿಸಲಾಗಿತ್ತು. ಎಲ್.ಟಿ.ಇ. ನಿಂತದ್ದು ಅದೇ ತತ್ತ್ವದ ಮೇಲೆ. ಸಭೆಯಲ್ಲಿ ಸೋತ ಮಾತೆಲ್ಲವೂ ತಪ್ಪು ಮಾತಾಗಿರಬೇಕಿಲ್ಲ. ಅದನ್ನು ಬರೆದಿಟ್ಟುಕೊಳ್ಳುವ ಸೌಜನ್ಯ ಬೇಕು, ಅಷ್ಟೆ.

ಭಾರತವೂ ಕಲಿಯಿತು. ನಮ್ಮ ದೇಶದ ದೂರಸಂಪರ್ಕ ಮಾನದಂಡ ಸಂಸ್ಥೆಯಾದ ಟಿ.ಎಸ್.ಡಿ.ಎಸ್.ಐ. 2015ರಲ್ಲಿ 3ಜಿಪಿಪಿಯ ಪಾಲುದಾರ ಸಂಸ್ಥೆಯಾಯಿತು. 5ಜಿಯ ಮಾನದಂಡ ರೂಪುಗೊಳ್ಳುತ್ತಿದ್ದಾಗ ಅದು ವಿಶ್ವ ಒಕ್ಕೂಟದ ಮುಂದೆ ಒಂದು ಸರಳವಾದ ಬೇಡಿಕೆಯನ್ನಿಟ್ಟಿತು. ಇಲ್ಲಿಯ ಹಳ್ಳಿಗಳಲ್ಲಿ ಟವರುಗಳು ದೂರ ದೂರ ಇರುತ್ತವೆ, ಜನರು ರೈಲಿನ ವೇಗದಲ್ಲಿ ಚಲಿಸುವವರಲ್ಲ. ಆದ್ದರಿಂದ ಟವರುಗಳ ನಡುವೆ 6 ಕಿಲೋಮೀಟರ್ ಅಂತರವಿದ್ದರೂ ಜಾಲ ಕೆಲಸ ಮಾಡುವುದೇ ಎಂದು ಪರೀಕ್ಷಿಸಬೇಕು ಎಂಬುದು ಅದರ ಸಾರ. 2017ರಲ್ಲಿ ಒಕ್ಕೂಟವು ಈ ಅಂತರವನ್ನು ಗ್ರಾಮೀಣ ಪರೀಕ್ಷೆಯ ಷರತ್ತುಗಳಲ್ಲಿ ಸೇರಿಸಿತು. ಇದನ್ನು ಸಾಧಿಸಲು ಭಾರತದ ವಿಜ್ಞಾನಿಗಳು ರೂಪಿಸಿದ ವಿಧಾನಕ್ಕೆ 2020ರಲ್ಲಿ ಮಾನ್ಯತೆ ದೊರೆಯಿತು. ಬಳಿಕ ಅದನ್ನು ಪ್ರತ್ಯೇಕವಾಗಿ ಉಳಿಸದೆ ಜಾಗತಿಕ ಮಾನದಂಡದೊಳಗೆ ಬೆರೆಸಲಾಯಿತು.

ಆ 6 ಕಿಲೋಮೀಟರುಗಳನ್ನು ಕುರಿತು ಸ್ವಲ್ಪ ಆಲೋಚಿಸಿ, ಓದುಗರೇ. ಪ್ಯಾರಿಸ್, ಟೊರಾಂಟೋ, ಹೆಲ್ಸಿಂಕಿಗಳಲ್ಲಿ ಸಭೆ ಸೇರಿದವರು ಜಾಣರೂ ಶ್ರಮಿಗಳೂ ಆಗಿದ್ದರು. ಆದರೆ ಅವರು ಲೆಕ್ಕ ಹಾಕಿದ್ದು ತಾವು ಕಂಡ ಊರುಗಳನ್ನು, ತಾವು ಓಡಾಡಿದ ರಸ್ತೆಗಳನ್ನು. ಮಲೆನಾಡಿನ ಕಣಿವೆಯಲ್ಲಿ ಸಿಗ್ನಲಿಗಾಗಿ ಗುಡ್ಡ ಹತ್ತುವ ವಿದ್ಯಾರ್ಥಿಯೂ, ಬಯಲುಸೀಮೆಯ ಒಂಟಿ ಹಳ್ಳಿಯಲ್ಲಿ ಮಗನ ಕರೆಗಾಗಿ ಕಾಯುವ ತಾಯಿಯೂ ಆ ಕೋಣೆಯಲ್ಲಿರಲಿಲ್ಲ. ಅವರ ಪರವಾಗಿ ಮಾತನಾಡುವವರೂ ಇರಲಿಲ್ಲ. ಅಂಥವರ ಅಳತೆ ಒಪ್ಪಂದದ ಪುಟಕ್ಕೆ ಬರಬೇಕಾದರೆ ಯಾರಾದರೊಬ್ಬರು ಅಲ್ಲಿ ಕುಳಿತು, ಬೇಸರಿಸದೆ, ಅದನ್ನು ಬಾಯಿ ಬಿಟ್ಟು ಹೇಳಬೇಕು.

ಸೇರಿನ ಕಾಲದಲ್ಲಿ ಅಳತೆಯ ಗುಟ್ಟನ್ನು ಬಲ್ಲವನೇ ಲಾಭ ಪಡೆದ. ಈಗ ಅಳತೆಗಳನ್ನು ಎಲ್ಲರ ಸಮ್ಮುಖದಲ್ಲಿ ಗೊತ್ತುಪಡಿಸುವ ಕ್ರಮವೊಂದು ಜಗತ್ತಿನಲ್ಲಿ ನೆಲೆಗೊಂಡಿದೆ. ಅದು ನಿಧಾನವಾದದ್ದು, ಜಗಳಗಳಿಂದ ತುಂಬಿದ್ದು, ಬಯಸಿದ್ದಕ್ಕಿಂತ ಕಡಿಮೆಯನ್ನೇ ಕೊಡುವಂಥದು. ಆದರೂ ನಿಮ್ಮ ಮನೆಯ ಯುವಕ ಯುವತಿಯರಲ್ಲಿ ಯಾರಾದರೂ ಈ ಕ್ಷೇತ್ರದಲ್ಲಿ ಓದುತ್ತಿದ್ದರೆ, ಯಂತ್ರವನ್ನು ರೂಪಿಸುವುದರ ಜೊತೆಗೆ ಆ ಸಭೆಗಳಲ್ಲಿ ಕುಳಿತುಕೊಳ್ಳುವುದನ್ನೂ ಕಲಿಯುವಂತೆ ಅವರಿಗೆ ಹೇಳಿ. ಅಲ್ಲಿ ಇನ್ನೂ ಅನೇಕ ಪೀಠಗಳು ಖಾಲಿಯಿವೆ. ನಮ್ಮ ಹಳ್ಳಿಗಳ ಅಳತೆಯನ್ನು ಹೇಳುವುದೂ ಇನ್ನೂ ಬಹಳ ಉಳಿದಿದೆ.